ಗೊರಬಲು ವಿಸ್ಕಿ

ಹೋದ ವಾರ ನಮ್ಮ ಸೊಸೆ ಮನಿ ಪ್ಲಾಂಟ್ ಬಳ್ಳಿಯೊಂದನ್ನು ಚೌಕಾಕಾರದ ಗಾಜಿನ ಸೀಸೆಯಲ್ಲಿ ನೀರು ತುಂಬಿ ತಂದು ನನ್ನ ಕೋಣೆಯ ಕಿಟಕಿಯಲ್ಲಿಟ್ಟಳು. ಪಕ್ಕದ ಮನೆಯವರು ಕೊಟ್ಟದ್ದಂತೆ. ನಮ್ಮ ಗೋಪಾಳದಲ್ಲಿ ಈಗ ಮನೆಮನೆಗೂ ಈ ಬಳ್ಳಿ ಹಬ್ಬಿದೆ. ಅವಳು ಅತ್ತ ಹೋದದ್ದೇ ನಾನು ಬಳ್ಳಿಯನ್ನು ಮೆಲ್ಲಗೆ ಮೇಲೆತ್ತಿ ಸೀಸೆಯ ಬಾಯಿಗೆ ಮೂಗು ಹಿಡಿದೆ. ಎಷ್ಟು ತೊಳೆದಿದ್ದರೂ ಆ ಗಾಜು ತನ್ನ ಪೂರ್ವಜನ್ಮವನ್ನು ಪೂರ್ತಿ ಮರೆತಿರಲಿಲ್ಲ. ಕಾಕಂಬಿಯದ್ದು, ಧಾನ್ಯದ್ದಲ್ಲ, ಬಣ್ಣ ಬೆರೆಸಿದ್ದು, ಆದರೂ ಕೊಟ್ಟ ಬೆಲೆಗೆ ಮೋಸವಿಲ್ಲ ಎಂದು ತಲೆಯೊಳಗೆ ಯಾರೋ ಕುಳಿತು ತೀರ್ಪು ಕೊಟ್ಟರು. ಕಣ್ಣು ತೆರೆದರೆ ಸೊಸೆ ಬಾಗಿಲಲ್ಲಿ ನಿಂತಿದ್ದಾಳೆ.

"ನೀರು ಸಾಕಾ ಅಂತ ನೋಡ್ತಿದೀರಾ ಮಾವ?" ಎಂದಳು.

ಹೌದಮ್ಮ, ಸಾಕು, ಎಂದೆ. ಒಳ್ಳೆಯ ಹೆಣ್ಣುಮಗಳು. ಮಾವನಾದವನಿಗೆ ತಪ್ಪಿಸಿಕೊಳ್ಳಲು ಒಂದು ದಾರಿ ತಾನೇ ತೋರಿಸಿ ಮಾತಾಡುತ್ತಾಳೆ.

ನಾನು ಕುಡಿಯುವುದನ್ನು ಬಿಟ್ಟು ಬಹಳ ವರ್ಷಗಳಾದವು. ನಾಲಿಗೆ ಬಿಟ್ಟಿತು, ಮೂಗು ಬಿಡಲಿಲ್ಲ. ನೀವು ನನ್ನ ಜೊತೆಯಲ್ಲಿ ಸವಳಂಗ ರಸ್ತೆಯಲ್ಲಿ ಒಂದು ಸಂಜೆ ನಡೆದರೆ, ಎದುರಿಗೆ ಬರುವ ಯಾವ ಗೃಹಸ್ಥ ಯಾವ ದರ್ಜೆಯದನ್ನು ಮುಗಿಸಿ ಬರುತ್ತಿದ್ದಾನೆ ಎಂದು ಹತ್ತು ಹೆಜ್ಜೆ ದೂರದಿಂದ ಹೇಳಿಬಿಡುತ್ತೇನೆ. ಇದು ಹೆಮ್ಮೆಯ ವಿದ್ಯೆಯಲ್ಲ ಎಂದು ನನಗೂ ಗೊತ್ತು. ಈ ವಿದ್ಯೆ ನನಗೆ ಹೇಗೆ ಬಂತು, ಅದರಿಂದ ಯಾರಿಗೆ ಮದುವೆಯಾಯಿತು, ಯಾರು ಕೆಟ್ಟರು ಎಂಬುದನ್ನು ನಿಮ್ಮೆದುರು ಒಪ್ಪಿಸಿಬಿಡುತ್ತೇನೆ. ಹೇಳಲೇಬೇಕಾದವರೊಬ್ಬರಿದ್ದಾರೆ; ಅವರಿಗೆ ಹೇಳುವ ಹಾಗಿಲ್ಲ. ಯಾಕೆಂದು ಕೊನೆಗೆ ತಿಳಿಯುತ್ತದೆ. ಹೆಸರುಗಳನ್ನು ಬದಲಾಯಿಸಿದ್ದೇನೆ.

ಅರವತ್ತರ ದಶಕದ ಮಾತು. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಮುಂದೆ ಓದಲು ನನಗೆ ಮನಸ್ಸಿರಲಿಲ್ಲ. ಮನಸ್ಸು ಮಾಡಿಸಲು ಮನೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಶಿವಮೊಗ್ಗದಲ್ಲಿ ಅಡಿಕೆ ಮಂಡಿ ಇಟ್ಟಿದ್ದ ಸೋದರಮಾವ ನನ್ನನ್ನು ಕರೆದುಕೊಂಡ. ನನ್ನ ಕೈಗೆ ಒಂದು ಅಡಕತ್ತರಿ ಕೊಟ್ಟು, ಬಂದ ಮೂಟೆಗಳ ಮುಂದೆ ಕೂರಿಸಿದ. ಅಡಿಕೆಯಲ್ಲಿ ನಾಲ್ಕು ದರ್ಜೆ: ಎಲ್ಲಕ್ಕಿಂತ ಮೇಲಿನದು ಹಸ, ಆಮೇಲೆ ಬೆಟ್ಟೆ, ಆಮೇಲೆ ರಾಶಿ, ಕಟ್ಟಕಡೆಗೆ ಗೊರಬಲು. ಮೂಟೆಯಿಂದ ಒಂದು ಹಿಡಿ ತೆಗೆಯಬೇಕು, ಬಣ್ಣ ನೋಡಬೇಕು, ಕತ್ತರಿಸಿ ಒಳಗಿನ ಗೆರೆ ನೋಡಬೇಕು, ಅನುಮಾನ ಬಂದರೆ ಒಂದು ಚೂರು ಕಚ್ಚಿ ಉಗುಳಬೇಕು.

ನಮ್ಮ ಮಾವನಿಗೆ ಈ ಕಚ್ಚುವುದರಲ್ಲಿ ಎರಡು ಕಟ್ಟುನಿಟ್ಟು. ಒಂದು, ಯಾವಾಗಲೂ ಮೇಲಿನ ದರ್ಜೆಯಿಂದ ಶುರುಮಾಡಿ ಕೆಳಗೆ ಇಳಿಯಬೇಕು. ಗೊರಬಲು ಕಚ್ಚಿದ ಬಾಯಿಗೆ ಹಸದ ರುಚಿ ತಿಳಿಯದು ಎಂದು ಅವನ ವಾದ. ಎರಡು, ಒಂದು ಮೂಟೆಗೂ ಇನ್ನೊಂದಕ್ಕೂ ನಡುವೆ ಬಾಯಿಯ ಒಗರು ಹೋಗಲು ಒಂದು ನೆಲ್ಲಿಚಟ್ಟು ಬಾಯಿಗೆ ಹಾಕಿಕೊಳ್ಳಬೇಕು. ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿಯ ಆ ಕಪ್ಪು ಚೂರುಗಳು ಮಂಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಭರಣಿಯ ತುಂಬ ಸದಾ ಇರುತ್ತಿದ್ದವು. ನಾನು ಎರಡು ವರ್ಷದಲ್ಲಿ ಕೆಲಸ ಕಲಿತೆ. ಕಲಿತದ್ದಕ್ಕಿಂತ ಹೆಚ್ಚು ಹೇಳಿಕೊಂಡೆ. ಬಾಯಿಗಿಟ್ಟರೆ ಸಾಕು, ಯಾವ ಸೀಮೆಯ ತೋಟದ ಅಡಿಕೆ ಎಂದು ಹೇಳುತ್ತೇನೆ ಎಂದು ಊರೆಲ್ಲ ಸಾರುತ್ತಿದ್ದೆ. ನಿಜ ಹೇಳಬೇಕೆಂದರೆ, ಮೂಟೆಯ ಮೇಲೆ ರೈತನ ಊರಿನ ಹೆಸರು ಬರೆದಿರುತ್ತಿತ್ತು.

ಈ ಬಡಾಯಿಯನ್ನು ಅಕ್ಷರಶಃ ನಂಬಿದವನು ಒಬ್ಬನೇ, ಮುನಿಸ್ವಾಮಿ. ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಬೈಗುಳಕ್ಕೆ ಮಾತ್ರ ತೆಲುಗು, ಯಾಕೆಂದರೆ ಅದು ಅವರ ಕಾರ್ಖಾನೆ ಲೈನಿನ ಪಕ್ಕದ ಮನೆಯವರ ಭಾಷೆ. ಅವನು ಭದ್ರಾವತಿಯಲ್ಲಿ ಟರ್ನರ್ ಕೆಲಸಕ್ಕೆ ಸೇರಿದ್ದ. ಭಾನುವಾರ ನಾನು ರೈಲು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ, ಇಲ್ಲವೇ ಅವನು ಇಲ್ಲಿಗೆ ಬರುತ್ತಿದ್ದ. ಭಾನುವಾರ ಮಧ್ಯಾಹ್ನ ಅವನು ಹೆಂಡದಂಗಡಿಗೆ ಹೋಗಿ ಒಂದು ಮಡಕೆ ಇಳಿಸುವುದಿತ್ತು. ನಾನು ಹೊರಗೆ ಮರದ ಕೆಳಗೆ ಕಾಯುತ್ತಿದ್ದೆ. ಕೊರಳಲ್ಲಿ ಲಿಂಗ ಕಟ್ಟಿದ ಮನೆಯ ಹುಡುಗ ನಾನು. ಹೆಂಡ ಹಾಗಿರಲಿ, ಹೆಂಡದಂಗಡಿಯ ನೆರಳು ಬಿದ್ದರೂ ಮನೆಗೆ ಬಂದು ಕಾಲು ತೊಳೆಯುತ್ತಿದ್ದೆ.

ಒಂದು ಭಾನುವಾರ ಅವನು ಹೆಂಡದಂಗಡಿಗೆ ಹೋಗಲಿಲ್ಲ. ಮಂಡಿಯ ಮೆಟ್ಟಿಲ ಮೇಲೆ ಬಂದು ಕುಳಿತ. ಕನಕವಲ್ಲಿ ಎಂಬ ಹುಡುಗಿಯನ್ನು ಮದುವೆಯಾಗಬೇಕು, ಇಲ್ಲವಾದರೆ ಬದುಕೇ ಬೇಡ ಎಂದ. ಹುಡುಗಿ ಒಪ್ಪಿದ್ದಾಳೆ, ತಾಯಿಯೂ ಒಪ್ಪಿದ್ದಾಳೆ. ಉಳಿದಿರುವುದು ತಂದೆ, ಸುಬೇದಾರರು.

ಸುಬೇದಾರರನ್ನು ನಿಮಗೆ ಪರಿಚಯ ಮಾಡಿಸಬೇಕು. ಬರ್ಮಾ ಕಡೆ ಯುದ್ಧ ಮಾಡಿ ಬಂದವರು. ಅವರು ಪಟ್ಟಾಳದಿಂದ ನಿವೃತ್ತರಾದದ್ದು ಹವಾಲ್ದಾರರಾಗಿ. ಸುಬೇದಾರ್ ಎಂದು ಬಡ್ತಿ ಕೊಟ್ಟದ್ದು ಭದ್ರಾವತಿಯ ಜನ. ಆ ಮೀಸೆಗೆ ಹವಾಲ್ದಾರಿಕೆ ಸಾಲುವುದಿಲ್ಲ ಎಂದು ಊರಿಗೆ ಅನ್ನಿಸಿರಬೇಕು. ಅವರ ಮನೆಯಲ್ಲಿ ಒಂದು ಪದ್ಧತಿ. ಮಗಳನ್ನು ಕೇಳಲು ಬಂದ ಗಂಡು ಜಾತಕ ತರಬೇಕಾಗಿಲ್ಲ, ಒಂದು ಬಾಟಲಿ ವಿಸ್ಕಿ ತರಬೇಕು. ಜಗುಲಿಯಲ್ಲಿ ಕುಳಿತು ಅವರ ಲೋಟಕ್ಕೆ ತಾನೇ ಸುರಿದು ಕೊಡಬೇಕು. ಏನು ತಂದ, ಹೇಗೆ ಸುರಿದ ಎಂಬುದರ ಮೇಲೆ ಅವರು ಮನುಷ್ಯನನ್ನು ಅಳೆಯುತ್ತಿದ್ದರು. ಮೊದಲು ಬಂದ ಒಬ್ಬ ಪರದೇಶದ ದುಬಾರಿ ಮಾಲು ತಂದಿದ್ದನಂತೆ. ಇವನು ಸಂಸಾರ ಮುಳುಗಿಸುತ್ತಾನೆ ಎಂದು ಕಳಿಸಿದರು. ಇನ್ನೊಬ್ಬ ಸಾರಾಯಿಗೆ ವಿಸ್ಕಿಯ ಚೀಟಿ ಅಂಟಿಸಿ ತಂದಿದ್ದ. ಅವನನ್ನು ಗೇಟಿನವರೆಗೆ ಕವಾಯತು ಮಾಡಿಸಿ ಕಳಿಸಿದರು. ಹಾಗಾದರೆ ಬೇಕಾದದ್ದು ಏನೆಂದರೆ, ಕೈಗೆಟುಕುವ ಬೆಲೆಯದಾಗಿರಬೇಕು, ಕುಡಿಯಲು ಯೋಗ್ಯವಾಗಿರಬೇಕು.

"ನಂಗೆ ಹೆಂಡ ಬಿಟ್ರೆ ಏನೂ ಗೊತ್ತಿಲ್ಲ ಮಾರಾಯ," ಎಂದ ಮುನಿಸ್ವಾಮಿ. "ನೀನಾದ್ರೆ ಅಡಿಕೆ ಕಚ್ಚಿ ತೋಟ ಹೇಳೋನು. ನಾಲ್ಕು ಬಾಟ್ಲಿ ರುಚಿ ನೋಡಿ ಒಂದು ಹೇಳೋಕಾಗಲ್ವಾ?"

ಅವತ್ತು ನಾನು, ಇಲ್ಲಪ್ಪ, ಆಗುವುದಿಲ್ಲ, ನಾನು ಜನ್ಮದಲ್ಲಿ ಅದನ್ನು ಮುಟ್ಟಿದವನಲ್ಲ, ಮೂಟೆಯ ಮೇಲೆ ಊರಿನ ಹೆಸರು ಬರೆದಿರುತ್ತದೆ ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಅಡಿಕೆ ನೋಡುವವನಿಗೆ ವಿಸ್ಕಿ ಯಾವ ಲೆಕ್ಕ ಎಂದೆ.

ಪೇಟೆಯಲ್ಲಿ ಒಂದು ಅಂಗಡಿಯಿತ್ತು. ಮುಂದುಗಡೆ ಸೋಡಾ, ಬಿಸ್ಕತ್ತು, ಊದುಕಡ್ಡಿ; ಪರದೆಯ ಹಿಂದೆ ಉಳಿದದ್ದು. ಅಲ್ಲಿ ಸಿಗುತ್ತಿದ್ದ ಅಗ್ಗದ ದೇಶಿ ವಿಸ್ಕಿಗಳು ನಾಲ್ಕು. ನಾಲ್ಕರಲ್ಲೂ ಒಂದೊಂದು ಸಣ್ಣ ಸೀಸೆ ಮುನಿಸ್ವಾಮಿಯೇ ಕೊಂಡು, ಸಂತೆಚೀಲದಲ್ಲಿ ಸೌತೆಕಾಯಿಯ ಕೆಳಗಿಟ್ಟು ತಂದು ಕೊಟ್ಟ. ನಾಲ್ಕೂ ನಾಲ್ಕು ರೀತಿಯವು. ಮೊದಲನೆಯದರ ಚೀಟಿಯ ಮೇಲೆ ಗಡಿಯಾರದ ಗೋಪುರ; ನಾಲ್ಕರಲ್ಲಿ ಅದಕ್ಕೇ ಬೆಲೆ ಹೆಚ್ಚು, ಧಾನ್ಯದಿಂದ ಇಳಿಸಿದ್ದು ಎಂದು ಬರೆದಿತ್ತು. ಎರಡನೆಯದರ ಮೇಲೆ ಗಡ್ಡದ ದೊರೆ. ಅದು ಹೊಗೆ ವಾಸನೆಯದು. ಮೂರನೆಯದರ ಮೇಲೆ ನವಿಲು. ಅದು ಸಿಹಿ ಮುಂದಾದದ್ದು. ನಾಲ್ಕನೆಯದಕ್ಕೆ ಚಿತ್ರವೇ ಇರಲಿಲ್ಲ. ಅಚ್ಚು ಹಾಕಿದವನಿಗೂ ಏನು ಹಾಕಬೇಕೆಂದು ತೋಚಿರಲಿಲ್ಲವೇನೋ.

ಮುಂದಿನ ಭಾನುವಾರ ಮಾವ ಊಟ ಮಾಡಿ ಮಲಗಿದ ಹೊತ್ತು ನೋಡಿ ನಾನು ಮಂಡಿಯ ಅಟ್ಟ ಹತ್ತಿದೆ. ಖಾಲಿ ಗೋಣಿಚೀಲಗಳ ನಡುವೆ ನಾಲ್ಕು ಸೀಸೆ, ಒಂದು ಲೋಟ, ಒಂದು ತಂಬಿಗೆ ನೀರು, ನೆಲ್ಲಿಚಟ್ಟಿನ ಭರಣಿ ಇಟ್ಟುಕೊಂಡು ಪದ್ಮಾಸನ ಹಾಕಿ ಕುಳಿತೆ. ಲಿಂಗವನ್ನು ಬೆನ್ನ ಕಡೆಗೆ ತಿರುಗಿಸಿಕೊಂಡೆ. ಅದಕ್ಕೆ ಕಾಣಿಸದಿರಲಿ ಎಂದು.

ಮಾವ ಕಲಿಸಿದ ಕ್ರಮದಲ್ಲಿಯೇ ಮೇಲಿನ ದರ್ಜೆಯಿಂದ ಶುರುಮಾಡಿದೆ. ಗೋಪುರದ ವಿಸ್ಕಿಗೆ ಒಂದಿಷ್ಟು ನೀರು ಬೆರೆಸಿ ಒಂದು ಗುಟುಕು ಬಾಯಿಗೆ ಹಾಕಿದೆ. ದೇವರೇ. ಸೀಮೆಎಣ್ಣೆಯ ಸ್ಟೌವನ್ನು ಉರಿಯುತ್ತಿರುವಾಗಲೇ ನುಂಗಿದ ಹಾಗಾಯಿತು. ಕಣ್ಣಲ್ಲಿ ನೀರು, ಕಿವಿಯಲ್ಲಿ ಸದ್ದು. ಉಗುಳಲು ಪಾತ್ರೆ ತಂದಿರಲಿಲ್ಲ. ಅಟ್ಟದ ಹಲಗೆಯ ಸಂದಿನಿಂದ ಕೆಳಗೆ ಮಾವನ ಗಾದಿ ಕಾಣುತ್ತಿತ್ತು. ನುಂಗಲೇಬೇಕಾಯಿತು. ಇದು ಗೊರಬಲು, ಅನುಮಾನವೇ ಇಲ್ಲ, ಎಂದು ತೀರ್ಮಾನಿಸಿದೆ.

ಬಾಯಿ ಶುದ್ಧವಾಗಲೆಂದು ಎರಡು ನೆಲ್ಲಿಚಟ್ಟು ಜಗಿದೆ. ಆಮೇಲೆ ಗಡ್ಡದ ದೊರೆ. ಪರವಾಗಿಲ್ಲ ಅನ್ನಿಸಿತು, ಹೊಗೆ ಇತ್ತು, ಆದರೆ ಹಿಂದೆಯೇ ಏನೋ ಒಂದು ಹಿತ. ರಾಶಿ. ಮತ್ತೆ ಚಟ್ಟು. ನವಿಲಿಗೆ ಬಂದಾಗ ಬಾಯಿಯಲ್ಲಿ ಎಳನೀರಿನ ತಂಪು. ಬೆಟ್ಟೆ. ಇನ್ನೊಂದು ಹಿಡಿ ಚಟ್ಟು ಜಗಿದು, ಚಿತ್ರವಿಲ್ಲದ ನಾಲ್ಕನೆಯದನ್ನು ಬಾಯಿಗಿಟ್ಟೆ. ಅಂಥ ಸವಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಲ್ಲುಸಕ್ಕರೆ ಕರಗಿಸಿದ ಹಾಗೆ ಇಳಿಯಿತು. ಅಗ್ಗವೆಂದು ಜನ ಮೂಸಿಯೂ ನೋಡದ ಮಾಲಿನಲ್ಲಿ ಹಸವನ್ನು ಕಂಡುಹಿಡಿದ ನನ್ನ ನಾಲಿಗೆಯನ್ನು ನಾನೇ ಮೆಚ್ಚಿಕೊಂಡೆ. ಖಚಿತಪಡಿಸಿಕೊಳ್ಳಲು ಇನ್ನೆರಡು ಸಲ ನೋಡಿದೆ.

ನೆಲ್ಲಿಕಾಯಿ ತಿಂದು ನೀರು ಕುಡಿದರೆ ನೀರು ಸಿಹಿಯಾಗುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತಿತ್ತು, ನಮ್ಮೂರಿನಲ್ಲಿ ಸ್ಲೇಟು ಹಿಡಿದ ಮಕ್ಕಳಿಗೂ ಗೊತ್ತು. ಅಡಿಕೆಗೆ ಚಟ್ಟು ಸರಿ. ಅಡಿಕೆಗೆ ಯಾರೂ ನೀರು ಬೆರೆಸಿ ಕುಡಿಯುವುದಿಲ್ಲ. ಆದರೆ ಅಟ್ಟದ ಮೇಲೆ ಕುಳಿತ ಪಂಡಿತನಿಗೆ ಇದು ಹೊಳೆಯಲೇ ಇಲ್ಲ.

ಕೆಳಗೆ ಇಳಿದು ಬಂದಾಗ ಮಾವ ಎದ್ದು ಕುಳಿತಿದ್ದ. ಗಾಳಿಯನ್ನು ಮೂಸಿದ. ಯಾವುದೋ ಮೂಟೆಗೆ ಹುಳ ಬಿದ್ದಿದೆ, ಯಾರೋ ಕಳ್ಳತನದಿಂದ ಔಷಧಿ ಹೊಡೆದು ಮಾಲು ಸಾಗಹಾಕಿದ್ದಾರೆ ಎಂದು ಅವನಿಗೆ ಅನುಮಾನ. ಇಬ್ಬರೂ ಸೇರಿ ಮಂಡಿಯ ಮೂಟೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಮೂಸಿದೆವು. ನಾನು ಯಾವ ಮೂಟೆಯ ಹತ್ತಿರ ಹೋದರೂ ಅದರಿಂದಲೇ ವಾಸನೆ ಬರುತ್ತಿತ್ತು. ಸಂಜೆ ದೀಪ ಹಚ್ಚುವವರೆಗೂ ಹುಡುಕಿ, ಮಾವ ಸೋತು ದೇವರಿಗೆ ಕೈಮುಗಿದ. ನಾನೂ ಮುಗಿದೆ; ಸ್ವಲ್ಪ ಪಕ್ಕಕ್ಕೆ ವಾಲಿ.

ಸುಬೇದಾರರ ಮನೆಗೆ ಹೋದ ಸಂಜೆ ಮುನಿಸ್ವಾಮಿ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಕೈಯಲ್ಲಿ ಚಿತ್ರವಿಲ್ಲದ ವಿಸ್ಕಿಯ ದೊಡ್ಡ ಬಾಟಲಿ, ಕಾಗದದಲ್ಲಿ ಸುತ್ತಿದ್ದು. ಹಿರಿಯರ ಕಡೆಯಿಂದ ಎಂದು ನಾನು. ಜಗುಲಿಯಲ್ಲಿ ಬೆತ್ತದ ಕುರ್ಚಿ, ಪಕ್ಕದಲ್ಲಿ ಕ್ರೋಟನ್ ಗಿಡದ ಕುಂಡ. ಒಳಬಾಗಿಲ ಪರದೆಯ ಕೆಳಗೆ ಎರಡು ಜೊತೆ ಪಾದಗಳು, ತಾಯಿಯದೊಂದು, ಮಗಳದೊಂದು. ಮಗಳ ಹೆಬ್ಬೆರಳು ನೆಲವನ್ನು ಒತ್ತಿ ಹಿಡಿದಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮುನಿಸ್ವಾಮಿ ಮೂರು ಲೋಟಕ್ಕೂ ಸುರಿದ. ಒಂದು ತೊಟ್ಟೂ ಚೆಲ್ಲಲಿಲ್ಲ, ಲೇತಿನ ಮುಂದೆ ಪಳಗಿದ ಕೈ. ನಾನು ಲೋಟವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ, ತಲೆಯಾಡಿಸಿದೆ. ಅಡಿಕೆ ಕೊಳ್ಳಲು ಬರುವ ಸೇಟುಗಳ ಮುಂದೆ ಮಾಡುತ್ತಿದ್ದ ಅಭಿನಯವದು. ಸುಬೇದಾರರು ನನ್ನನ್ನು ನೋಡಿದರು. ಆಮೇಲೆ ಒಂದು ಗುಟುಕು ಬಾಯಿಗೆ ತೆಗೆದುಕೊಂಡು ಹಾಗೆಯೇ ಕುಳಿತರು. ಮೀಸೆ ಅಲುಗಲಿಲ್ಲ. ನಿಧಾನವಾಗಿ ಪಕ್ಕಕ್ಕೆ ಬಾಗಿ ಕ್ರೋಟನ್ ಗಿಡದ ಬುಡಕ್ಕೆ ಉಗುಳಿದರು. ನಾನೂ ಕುಡಿದೆ. ಅವತ್ತು ಬಾಯಲ್ಲಿ ಚಟ್ಟು ಇರಲಿಲ್ಲ. ಆ ಒಂದು ಗುಟುಕಿನಲ್ಲಿ ನನಗೆ ಎಲ್ಲವೂ ಅರ್ಥವಾಯಿತು.

"ಇದನ್ನ ಆರಿಸಿದ್ದು ಯಾರಪ್ಪಾ?" ಎಂದರು ಸುಬೇದಾರರು.

ನಾನು ಎಂದು ಹೇಳಲು ಎಷ್ಟು ಹೊತ್ತು ಬೇಕು? ನಾನು ಚಪ್ಪಲಿ ನೋಡುತ್ತಿದ್ದೆ. ಪರದೆಯ ಕೆಳಗಿನ ಪಾದಗಳು ಅಲುಗಲಿಲ್ಲ.

"ನಾನೇ ಸಾರ್," ಎಂದ ಮುನಿಸ್ವಾಮಿ. "ಇದೇ ಚೆನ್ನಾಗಿದೆ ಅಂತ ತಂದೆ."

ಸುಬೇದಾರರು ಅವನನ್ನು ನೋಡಿದರು, ಬಾಟಲಿಯನ್ನು ನೋಡಿದರು. ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದರು. "ಬಾ ಇಲ್ಲಿ. ಈ ಹುಡುಗ ಹುಟ್ಟಿದಾಗಿಂದ ಒಂದು ತೊಟ್ಟು ಕುಡಿದೋನಲ್ಲ. ಕುಡಿದು ಗೊತ್ತಿರೋ ಯಾವ ಗಂಡಸೂ ಇದನ್ನ ಚೆನ್ನಾಗಿದೆ ಅನ್ನಲ್ಲ. ಪಟ್ಟಾಳದಲ್ಲಿ ಹೇಸರಗತ್ತೆ ಕಾಲಿಗೆ ಇದಕ್ಕಿಂತ ಒಳ್ಳೇದು ಹಚ್ತಿದ್ವಿ. ಹುಡುಗಿ ಕೊಡೋಣ."

ಆಮೇಲೆ ನನ್ನ ಕಡೆ ತಿರುಗಿದರು. "ನೀನು ಕುಡಿಯೋನು. ಲೋಟ ಹಿಡಿದದ್ದು ನೋಡಿದ್ರೆ ಗೊತ್ತಾಗತ್ತೆ. ಸ್ನೇಹಿತ ಇಂಥದ್ದು ತರ್ತಿದ್ರೂ ಹೇಳಲಿಲ್ಲ ಅಲ್ವಾ ತಂಬಿ, ನೀನೆಂಥ ಸ್ನೇಹಿತ?"

ಹೀಗೆ, ವಾರಕ್ಕೊಂದು ಮಡಕೆ ಹೆಂಡ ಇಳಿಸುವವನು ಮದ್ಯ ಮುಟ್ಟದ ಸಾಧುವಾದ. ಜನ್ಮದಲ್ಲಿ ಒಂದೇ ಒಂದು ಭಾನುವಾರ ಕುಡಿದವನು ಕುಡುಕನಾದ. ಆಗಲೂ ಬಾಯಿಬಿಟ್ಟು ನಿಜ ಹೇಳಬಹುದಿತ್ತು. ಆದರೆ ಹೇಳಿದ್ದರೆ ಹುಡುಗಿ ಕೈತಪ್ಪುತ್ತಿದ್ದಳು. ಮೊದಲ ಸಲ ಸುಮ್ಮನಿದ್ದದ್ದು ಹೇಡಿತನದಿಂದ. ಎರಡನೆಯ ಸಲ ಸ್ನೇಹಕ್ಕಾಗಿ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಮದುವೆಯಾಯಿತು. ನಾನು ಪ್ರಾಯಶ್ಚಿತ್ತವೆಂದು ಸುಬೇದಾರರಿಗೆ ಗೋಪುರದ ವಿಸ್ಕಿಯ ಒಂದು ಬಾಟಲಿ ಕೊಂಡೊಯ್ದೆ. ಅವರು ರುಚಿ ನೋಡಿ, ಇಷ್ಟು ಬೆಲೆಗೆ ಇಂಥದ್ದು ಸಿಗುತ್ತದೆಯೇ ಎಂದು ಬೆರಗಾದರು. ಮುಂದೆ ಸಾಯುವವರೆಗೂ ಬೇರೆ ಮುಟ್ಟಲಿಲ್ಲ. ಒಬ್ಬರೇ ಕುಡಿಯುವುದು ಅವರಿಗೆ ಆಗದು. ಅಳಿಯ ಸಾಧು. ಹೀಗಾಗಿ ಶನಿವಾರದ ಸಂಜೆಗಳಿಗೆ ಖಾಯಂ ಕಂಪನಿ ನಾನೇ ಆದೆ. ಒಂದು ಕಡೆ ಸುಬೇದಾರರು, ಒಂದು ಕಡೆ ನಾನು. ನಡುವೆ ಮುನಿಸ್ವಾಮಿ, ಕೈಯಲ್ಲಿ ನಿಂಬೆಹಣ್ಣಿನ ಶರಬತ್ತು. ಹೆಂಡದಂಗಡಿಯ ಕಡೆ ತಲೆಹಾಕುವ ಹಾಗಿರಲಿಲ್ಲ. ಮಾವನವರು ಇಡೀ ಲೈನಿಗೆ ಅಳಿಯನ ಗುಣಗಾನ ಮಾಡಿಬಿಟ್ಟಿದ್ದರು. ನಮ್ಮ ಲೋಟದ ಕಡೆ ಅವನು ನೋಡುತ್ತಿದ್ದ ನೋಟ ಉಪವಾಸದ ದಿನ ಅಡುಗೆಮನೆಯ ಮುಂದೆ ಹಾದುಹೋಗುವವನ ನೋಟ.

ನನ್ನ ಕಥೆ ಇಷ್ಟು ನಗೆಯದಲ್ಲ. ಶನಿವಾರ ಮೆಲ್ಲಗೆ ಬುಧವಾರಕ್ಕೂ ಬಂತು. ಆಮೇಲೆ ವಾರಗಳಿಗೆ ಹೆಸರೇ ಇಲ್ಲವಾಯಿತು. ಒಂದು ದಿನ ನಾನು ರಾಶಿಯನ್ನು ಬೆಟ್ಟೆ ಎಂದು ಹೇಳಿ ಮಂಡಿಯ ಮಾತು ಕೆಡಿಸಿದೆ. ಮಾವ ಏನೂ ಅನ್ನಲಿಲ್ಲ, ನನ್ನ ಕೈಯಿಂದ ಅಡಕತ್ತರಿ ಇಸಿದುಕೊಂಡು ತಕ್ಕಡಿಯ ಹತ್ತಿರ ನಿಲ್ಲಿಸಿದ. ಅಷ್ಟರಲ್ಲಿ ನನಗೂ ಮದುವೆಯಾಗಿತ್ತು; ಹೆಂಡತಿ ನನ್ನ ಹೆಜ್ಜೆಯ ಸದ್ದಿನಿಂದಲೇ ಆ ದಿನದ ಪ್ರಮಾಣ ತಿಳಿಯುವುದನ್ನು ಕಲಿತಳು. ನಾನು ಬಿಡುವ ಹೊತ್ತಿಗೆ ಅವಳಿಗೆ ನನ್ನನ್ನು ನಂಬುವ ಅಭ್ಯಾಸ ತಪ್ಪಿಹೋಗಿತ್ತು. ಅವಳು ತೀರಿಹೋಗಿ ಕೆಲವು ವರ್ಷಗಳಾದವು. ಅವಳ ಹತ್ತಿರ ಕೇಳಬೇಕಾಗಿದ್ದ ಕ್ಷಮೆಯನ್ನು ಈಗ ಯಾರ ಹತ್ತಿರವಾದರೂ ಕೇಳೋಣ ಅನ್ನಿಸುತ್ತದೆ.

ಸೊಸೆ ಸೀಸೆ ತಂದಿಟ್ಟ ಮರುದಿನ ಭದ್ರಾವತಿಯ ಬಸ್ಸು ಹತ್ತಿದ್ದು ಅದಕ್ಕೇ. ಅವತ್ತು ಜಗುಲಿಯಲ್ಲಿ ನಾನೇ ಆರಿಸಿದ್ದು ಎಂದು ಹೇಳಲಿಲ್ಲವಲ್ಲ, ಅದನ್ನು ಕನಕವಲ್ಲಿಗೆ, ಈಗಿನ ಕನಕಮ್ಮನಿಗೆ, ಹೇಳಿ ಹಗುರಾಗಬೇಕು ಎಂದು ಹೊರಟಿದ್ದೆ. ಮುನಿಸ್ವಾಮಿಗೆ ಈಗ ಮಂಡಿನೋವು, ಕುರ್ಚಿಯಿಂದ ಏಳುವುದು ಕಷ್ಟ. ಕನಕಮ್ಮ ಒಳಗೆ ಹೋದಾಗ ನನ್ನ ಉದ್ದೇಶ ಅವನಿಗೆ ತಿಳಿಸಿದೆ. ಅವನು ಗಾಬರಿಯಿಂದ ನನ್ನ ಮುಂಗೈ ಹಿಡಿದುಕೊಂಡ.

"ನಿನ್ನ ಪಾಪ ನೀನೇ ಇಟ್ಕೋ ಮಾರಾಯ. ನೀನು ಆರಿಸ್ದೆ ಅಂದ್ರೆ, ನಾನು ಕುಡಿಯದೋನು ಅನ್ನೋದಕ್ಕೆ ಸಾಕ್ಷಿ ಏನು ಅಂತ ಕೇಳ್ತಾಳೆ. ಹೆಂಡದ ಕಥೆ ಬರತ್ತೆ. ಈ ವಯಸ್ಸಲ್ಲಿ ನಾನು ಹೊಸದಾಗಿ ಕುಡುಕ ಆಗಬೇಕಾ?"

ಅದೂ ಹೌದು. ನನ್ನ ಪಶ್ಚಾತ್ತಾಪದಿಂದ ಅವನ ಸಂಸಾರಕ್ಕೆ ಕಲ್ಲು ಬೀಳಬಾರದು. ಅವನು ಒಳಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ಇಷ್ಟು ವರ್ಷ ಕೇಳಬೇಕು ಅಂದ್ಕೊಂಡಿದ್ದೆ, ಆ ಗೋಪುರದ್ದು ನಿಜವಾಗಿ ಹೇಗಿರುತ್ತಿತ್ತು ಎಂದು ಕೇಳಿದ. ನಾನು ಹೇಳತೊಡಗಿದೆ. ಮೂಗಿಗೆ ಹಿಡಿದರೆ ಮೊದಲು ಹುರಿದ ಜೋಳ. ಆಮೇಲೆ ಹಳೆಯ ಮರದ ಪೆಟ್ಟಿಗೆ ತೆಗೆದ ಹಾಗೆ ಒಂದು ಗಂಧ. ಮುನಿಸ್ವಾಮಿ ಕಣ್ಣು ಮುಚ್ಚಿದ. ಮೆಲ್ಲಗೆ ಬಾಯಿ ಚಪ್ಪರಿಸಿದ.

"ಏನು ಮಾತಾಡ್ತಿದೀರಿ ಇಬ್ರೂ?" ಕನಕಮ್ಮ ಮೂರು ಲೋಟ ಶರಬತ್ತು ಹಿಡಿದು ನಿಂತಿದ್ದರು.

"ಅಡಿಕೆ ರೇಟು," ಎಂದ ಮುನಿಸ್ವಾಮಿ, ಕಣ್ಣು ತೆರೆಯದೆ.

"ಅಡಿಕೆ ರೇಟಿಗೆ ಯಾರಾದ್ರೂ ಬಾಯಿ ಚಪ್ಪರಿಸ್ತಾರಾ?" ಎಂದು ಅವರು ಲೋಟಗಳನ್ನು ಕೆಳಗಿಟ್ಟು, ಗಂಡನ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ಕೋಪವೇನೂ ಇರಲಿಲ್ಲ. "ನಮ್ಮಪ್ಪ ಕುಡೀತಿದ್ದದ್ದು ತಾನೇ ಹೇಳ್ತಿದ್ದದ್ದು? ಹೇಳಿ ಅಣ್ಣ. ನಾನೂ ಕೇಳ್ತೀನಿ."

ಹಾಳಾಗಿ ಕಲಿತ ವಿದ್ಯೆ. ಯಾರೂ ಎದುರು ಕುಳಿತು ಹೀಗೆ ಕೇಳಿರಲಿಲ್ಲ. ನಾಚಿಕೆ ಬಿಟ್ಟು ಹೇಳಿದೆ. ಹುರಿದ ಜೋಳ, ಮರದ ಪೆಟ್ಟಿಗೆ, ಒಂದು ಎಳೆ ಸುಟ್ಟ ಬೆಲ್ಲ. ಕುಡಿದು ಬಹಳ ಹೊತ್ತಾದ ಮೇಲೆ ಅಂಗಿಯಲ್ಲಿ ಉಳಿಯುವುದು ಮಾತ್ರ ಏಲಕ್ಕಿ ಸಿಪ್ಪೆಯಂಥ ಒಂದು ಒಣ ವಾಸನೆ.

ಕನಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳುತ್ತಿದ್ದವರು ಅಲ್ಲಿಗೆ ನಿಲ್ಲಿಸಿದರು.

"ಅದೇ," ಎಂದರು. "ಅದು ವಿಸ್ಕಿಯದಾ? ನಾನು ಅಪ್ಪನ ವಾಸನೇನೇ ಹಾಗೆ ಅಂತ ತಿಳ್ಕೊಂಡಿದ್ದೆ."